ಮಾವ ಮೂಸಿ ನೋಡಿದ ಕ್ರೀಮು

ಆ ಮನೆಯಲ್ಲಿ ಯಾವ ಪದಾರ್ಥ ಕಸದ ಬುಟ್ಟಿಗೆ ಹೋಗಬೇಕಾದರೂ ಮೊದಲು ಯಜಮಾನರ ಮೂಗಿನ ಮುಂದೆ ಹಾದುಹೋಗಬೇಕಿತ್ತು. ನಿನ್ನೆಯ ಹಾಲು, ಮೊನ್ನೆಯ ಬೆಣ್ಣೆ, ಫ್ರಿಜ್ಜಿನ ಮೂಲೆಯಲ್ಲಿ ಯಾರ ನೆನಪಿಗೂ ಬಾರದೆ ಕೂತ ಚೀಸಿನ ಚೂರು, ಮಗ ಎರಡನೆಯ ದಿನವೂ ಹಾಕಿಕೊಳ್ಳಬೇಕೆಂದಿದ್ದ ಅಂಗಿ, ಎಲ್ಲದಕ್ಕೂ ಅದೇ ಕೋರ್ಟು. ಅವರು ಕಣ್ಣು ಮುಚ್ಚಿ ಒಮ್ಮೆ ಮೂಸಿ "ಆಗತ್ತೆ" ಎಂದರೆ ಆಯಿತು, "ಬೇಡ" ಎಂದರೆ ಚೆಲ್ಲಬೇಕು. ಮೇಲ್ಮನವಿ ಎಂಬುದಿಲ್ಲ. ಆಯುಷ್ಯದ ಮುಕ್ಕಾಲು ಪಾಲನ್ನು ಬೇಕರಿಯ ಒಲೆಯ ಮುಂದೆ ಕಳೆದ ಮನುಷ್ಯ ಅವರು. ಬ್ರೆಡ್ಡು ಬೆಂದಿದೆಯೋ ಇಲ್ಲವೋ ಎಂದು ಒಲೆಯ ಬಾಗಿಲು ತೆಗೆದು ನೋಡುವವರನ್ನು ಕಂಡರೆ ಅವರಿಗೆ ನಗು. "ಮೂಗು ಇರೋದು ಕನ್ನಡಕ ಇಡೋಕಲ್ಲ ಕಣ್ರೋ" ಎಂದು ಕೆಲಸದವರನ್ನು ಛೇಡಿಸುತ್ತಿದ್ದರಂತೆ.

ಕಳೆದ ಚಳಿಗಾಲದಲ್ಲಿ ಬಂದ ಜ್ವರ, ಹೋಗುವಾಗ ಆ ಮೂಗನ್ನೂ ಜೊತೆಗೆ ಕರೆದುಕೊಂಡು ಹೋಗಿಬಿಟ್ಟಿತು. ಒಂದು ಬೆಳಗ್ಗೆ ಚಹಾ ಕುಡಿದರೆ ಬರೀ ಬಿಸಿನೀರು ಕುಡಿದ ಹಾಗಾಯಿತು. ಶೀತ ಇಳಿಯಲಿ, ಸರಿಹೋಗುತ್ತದೆ ಎಂದು ಕಾದರು. ಶೀತ ಇಳಿಯಿತು, ಮೂಗು ಬರಲಿಲ್ಲ. ಹೇಳಬಹುದಿತ್ತು. ಆದರೆ ಬೇಕರಿ ಬಿಟ್ಟ ಮೇಲೆ ಆ ಮನೆಯಲ್ಲಿ ಅವರಿಗೆ ಉಳಿದಿದ್ದ ಉದ್ಯೋಗ ಅದೊಂದೇ. ಅದನ್ನೂ ಬಿಟ್ಟುಕೊಟ್ಟರೆ ಸೋಫಾದ ಮೇಲಿನ ದಿಂಬಿಗೂ ತನಗೂ ಏನು ವ್ಯತ್ಯಾಸ? ಹಾಗಾಗಿ ಬಾಯಿ ಬಿಡಲಿಲ್ಲ. ಹಾಲಾದರೆ ಪಾತ್ರೆ ವಾಲಿಸಿ ಅಂಚು ನೋಡುವುದು, ಬೆಣ್ಣೆಯಾದರೆ ಬಣ್ಣ ನೋಡುವುದು, ಅಂಗಿಯಾದರೆ ಕಣ್ಣು ಮುಚ್ಚಿಕೊಂಡು "ಒಗೆಯೋಕೆ ಹಾಕು" ಎನ್ನುವುದು. ಅದೃಷ್ಟವೋ ಏನೋ, ಇಷ್ಟು ತಿಂಗಳಲ್ಲಿ ಒಮ್ಮೆಯೂ ಸಿಕ್ಕಿಬಿದ್ದಿರಲಿಲ್ಲ.

ಅಷ್ಟರಲ್ಲಿ ಸೊಸೆಯ ಕೈ ಕೆಟ್ಟಿತು.

ಸೊಸೆಯ ಕೆಲಸ ಮಸಾಜು. ಸೊಂಟ ಹಿಡಿದವರು, ಕತ್ತು ಉಳುಕಿದವರು, ದಿನವಿಡೀ ನಿಂತು ಕಾಲು ಕಲ್ಲಾದವರು ಬರುವ ಒಂದು ಮಸಾಜ್ ಕೇಂದ್ರದಲ್ಲಿ ಅವಳಿಗೆ ಒಳ್ಳೆಯ ಹೆಸರು. ಅಲ್ಲಿ ಎಲ್ಲರೂ ಬಳಸುತ್ತಿದ್ದದ್ದು ದೊಡ್ಡ ಡಬ್ಬದಲ್ಲಿ ಬರುವ ಒಂದು ಕಂಪನಿ ಕ್ರೀಮು. ಡಬ್ಬ ತೆಗೆದರೆ ಇಡೀ ಕೋಣೆ ಘಮ್ಮೆನ್ನುತ್ತಿತ್ತಂತೆ. ಬೆಳಗಿನಿಂದ ಸಂಜೆಯವರೆಗೆ ಅದರಲ್ಲೇ ಮುಳುಗಿದ ಕೈ ಮೊದಲು ಕೆಂಪಾಯಿತು, ಆಮೇಲೆ ತುರಿಕೆ, ಆಮೇಲೆ ಬೆರಳ ಸಂದಿಗಳಲ್ಲಿ ಬಿರುಕು. ಪಾತ್ರೆ ತೊಳೆಯುವ ಕೆಲಸ ಮಗನಿಗೆ ಬಂತು, ತರಕಾರಿ ಹೆಚ್ಚುವುದು ಅತ್ತೆಗೆ ಬಂತು, ಮನೆಯಲ್ಲಿ ಗೊಣಗಾಟ ಶುರುವಾಯಿತು.

ಒಂದು ರಾತ್ರಿ ಊಟಕ್ಕೆ ಕೂತಾಗ ಅವಳು ಬೇಯಿಸಿದ ಮೊಟ್ಟೆಯನ್ನು ಚಮಚದಲ್ಲಿ ಒತ್ತಿ ಒತ್ತಿ ತಿನ್ನುತ್ತಿದ್ದಳು.

"ಮೊಟ್ಟೆಗೆ ಚಮಚ ಯಾಕೇ?" ಎಂದರು ಅತ್ತೆ.

"ಉಪ್ಪು ತಾಕಿದ್ರೆ ಉರಿಯತ್ತೆ ಅತ್ತೆ."

"ಡಾಕ್ಟರ ಹತ್ರ ಹೋಗಿದ್ಯಲ್ಲ, ಏನಂದ್ರು?"

"ಆ ಕ್ರೀಮಲ್ಲಿರೋ ಸೆಂಟು, ಕೆಡದೇ ಇರೋಕೆ ಹಾಕೋ ಔಷಧಿ, ಅದೇ ಆಗ್ತಿಲ್ಲ ಅಂತೆ. ಅದನ್ನ ಬಿಟ್ರೆ ಮುಲಾಮು ಹಚ್ಚದಿದ್ರೂ ವಾಸಿಯಾಗತ್ತೆ, ಬಿಡದಿದ್ರೆ ಎಷ್ಟು ಹಚ್ಚಿದ್ರೂ ಅಷ್ಟೇ ಅಂದ್ರು. ಕೇಂದ್ರ ನಡೆಸೋ ಮೇಡಂ ಬೇರೆ ಹೇಳಿಬಿಟ್ರು. ಒಡೆದ ಕೈಲಿ ಗಿರಾಕಿಗಳ ಮೈ ಮುಟ್ಟೋ ಹಾಗಿಲ್ಲ, ತಿಂಗಳೊಳಗೆ ವಾಸಿಯಾಗದಿದ್ರೆ ಬೇರೆಯವರನ್ನ ನೋಡ್ಬೇಕಾಗತ್ತೆ ಅಂತ."

ಲಿಫ್ಟ್ ರಿಪೇರಿ ಮಾಡುವ ಮಗ ತಟ್ಟೆಯಿಂದ ತಲೆಯೆತ್ತದೆ ಹೇಳಿದ. "ಸಾವಯವ ಕ್ರೀಮು ಸಿಗತ್ತೆ. ಮಸಾಜ್ ಮಾಡೋರಿಗೆ ಅಂತಲೇ ಬರತ್ತೆ. ನೋಡ್ಕೊಂಡು ಬಂದೆ. ಬೆಲೆ ಕೇಳಿ ಡಬ್ಬಾನ ಎರಡು ಕೈಲೂ ಹಿಡ್ಕೊಂಡು ವಾಪಸ್ ಇಟ್ಟು ಬಂದೆ."

ಅವಳಿಗೆ ಬೇರೆ ಕೆಲಸ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಹಿಡಿದುಕೊಂಡ ಸೊಂಟವನ್ನು ಬಿಡಿಸಿದ ದಿನ ಅವಳ ಮುಖ ನೋಡುವ ಹಾಗಿರುತ್ತಿತ್ತು. ಆ ಮುಖ ಈಗ ತಟ್ಟೆಯ ಮೇಲೆ ಬಾಗಿ ಅಳು ನುಂಗುತ್ತಿದ್ದುದನ್ನು ಕಂಡು ಯಜಮಾನರು ಕೈಯಲ್ಲಿದ್ದ ಲೋಟ ಕೆಳಗಿಟ್ಟರು.

"ಕ್ರೀಮು ತಾನೇ?" ಎಂದರು. "ಜೀವಮಾನ ಪೂರ್ತಿ ನಾನು ಮಾಡಿದ್ದೇನು ಮತ್ತೆ?"

"ಅದು ಕೇಕಿನ ಮೇಲೆ ಹಚ್ಚೋ ಕ್ರೀಮು ಕಣ್ರೀ" ಎಂದರು ಹೆಂಡತಿ.

"ಕೇಕಿನ ಮೇಲೆ ಹಚ್ಚಿದ್ರೇನು, ಬೆನ್ನ ಮೇಲೆ ಹಚ್ಚಿದ್ರೇನು? ಕೊಬ್ಬು, ಬಿಸಿ, ಗಾಳಿ. ಅಷ್ಟೇ."

ಮರುದಿನದಿಂದ ಅಡುಗೆಮನೆ ಅವರ ವಶವಾಯಿತು. ಜೇನುಮೇಣ ಬಂತು, ಕೋಕೋ ಬೆಣ್ಣೆ ಬಂತು, ಗಾಣದ ಬಾದಾಮಿ ಎಣ್ಣೆಯ ಒಂದು ಕ್ಯಾನು ಬಂತು. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಎಲ್ಲವನ್ನೂ ಕರಗಿಸಿದರು. ಹೆಂಡತಿ ಬಾಗಿಲಲ್ಲಿ ನಿಂತು, "ನನ್ನ ಸೂಪಿನ ಪಾತ್ರೆ! ಇನ್ನು ಮೇಣದ ಸೂಪೇ ಗತಿ" ಎಂದು ಹಣೆ ಚಚ್ಚಿಕೊಂಡರು.

ಪರೀಕ್ಷೆಗೆ ಸಿಕ್ಕಿದ್ದು ಮಗನ ಬೆನ್ನು. ಸೊಸೆ ಕೈಗೆ ತೆಳ್ಳಗಿನ ಕೈಗವಸು ಹಾಕಿಕೊಂಡು ಊಟದ ಮೇಜಿನ ಮೇಲೆ ಅವನನ್ನು ಬೋರಲು ಮಲಗಿಸಿದಳು. ಮೊದಲ ಸಲದ್ದು ಬರೀ ಎಣ್ಣೆ. "ಕೈ ನಿಲ್ಲೋದೇ ಇಲ್ಲ ಮಾವ. ಜಾರಬೇಕು, ಆದ್ರೆ ಗಂಟು ಸಿಕ್ಕಿದ ಕಡೆ ಹಿಡೀಬೇಕು" ಎಂದಳು. ಎರಡನೆಯ ಸಲ ಯಜಮಾನರು ಮೇಣ ಜಾಸ್ತಿ ಹಾಕಿದರು. ಅದು ಎಷ್ಟು ಚೆನ್ನಾಗಿ ಹಿಡಿಯಿತೆಂದರೆ ಬೆನ್ನಿನ ಕೂದಲನ್ನೂ ಹಿಡಿಯಿತು.

"ಅಯ್ಯಯ್ಯೋ! ಅಪ್ಪಾ, ಇದು ಕ್ರೀಮಲ್ಲ, ಗೋಂದು!"

"ಬಾಯ್ಮುಚ್ಕೊಂಡು ಮಲಗೋ. ನಿನ್ನ ಹೆಂಡ್ತಿ ಕೈಗೋಸ್ಕರ ನಾಲ್ಕು ಕೂದಲು ಹೋದ್ರೇನಾಯ್ತು?"

ಮೂರನೆಯ ಸಲ ಅವರು ಮೇಣ ಇಳಿಸಿ, ಕರಗಿದ್ದು ಇನ್ನೇನು ಗಟ್ಟಿಯಾಗಬೇಕು ಅನ್ನುವಾಗ ಪಾತ್ರೆಯನ್ನು ತಣ್ಣೀರಲ್ಲಿಟ್ಟು, ಕೇಕಿನ ಕ್ರೀಮು ಕಡೆಯುವ ಹಾಗೆ ಕಡೆದರು. ಬೆಳ್ಳಗೆ ಉಬ್ಬಿ ಬಂತು. ಸೊಸೆ ಬೆರಳ ತುದಿಯಲ್ಲಿ ಒಂದು ಚೂರು ತೆಗೆದು ಗಂಡನ ಭುಜದಿಂದ ಸೊಂಟದವರೆಗೆ ಒಂದೇ ಎಳೆತಕ್ಕೆ ಎಳೆದಳು. ಮಧ್ಯೆ ಒಂದು ಕಡೆ ನಿಂತು ಹೆಬ್ಬೆರಳಲ್ಲಿ ಒತ್ತಿದಳು. ಮಗ "ಆಹ್" ಎಂದ. ಈ ಸಲ ಅದು ನೋವಿನದಲ್ಲ.

"ಮಾವ," ಎಂದಳು, "ಇದೇ."

ಎರಡು ವಾರದಲ್ಲಿ ಕೆಂಪು ಇಳಿಯಿತು, ಮೂರನೆಯ ವಾರಕ್ಕೆ ಬಿರುಕು ಕೂಡಿಕೊಂಡಿತು. ಮೇಡಂ ಅವಳ ಕೈಯನ್ನು ತಿರುಗಿಸಿ ಮುರುಗಿಸಿ ನೋಡಿ ಹೂಂ ಎಂದರಂತೆ. ಜೊತೆಯ ಕೆಲಸದವರು ನಮಗೂ ಬೇಕು ಎಂದರು. ಕೇಂದ್ರಕ್ಕೆಲ್ಲ ಆಗುವಷ್ಟು ಮಾಡಿಕೊಡಿ ಎಂದು ಮೇಡಂ ಹೇಳಿಕಳಿಸಿದ ದಿನ ಯಜಮಾನರ ಕಾಲು ನೆಲದ ಮೇಲಿರಲಿಲ್ಲ. ತಲೆಗೆ ಬೇಕರಿಯ ಹಳೆಯ ಬಿಳಿ ಟೋಪಿ ಬಂತು. ಅಡುಗೆಮನೆಗೆ ಬರುವವರು ಕೈ ತೊಳೆದುಕೊಂಡು ಬರಬೇಕೆಂದು ಅಪ್ಪಣೆಯಾಯಿತು.

ಆ ವಾರವೇ ಹೆಂಡತಿಯ ತಂಗಿಗೆ ಕಣ್ಣಿನ ಆಪರೇಷನ್ ಆಯಿತು. "ನಾನಿಲ್ಲ ಅಂತ ಫ್ರಿಜ್ಜಲ್ಲಿ ಏನೇನೋ ಇಟ್ಕೋಬೇಡಿ, ಆಗಿಂದಾಗ ತಿಂದು ಮುಗಿಸಿ" ಎಂದು ತಂಗಿಯ ಆರೈಕೆಗೆ ಹೊರಟ ಹೆಂಡತಿ ಬಾಗಿಲಲ್ಲಿ ನಿಂತು ಎರಡೆರಡು ಸಲ ಹೇಳಿ ಹೋದರು. ಈ ಮಾತನ್ನು ಯಾಕಿಷ್ಟು ಒತ್ತಿ ಹೇಳಿದಳು ಎಂದು ಯಜಮಾನರು ಯೋಚಿಸಲಿಲ್ಲ. ಅವರ ತಲೆಯೊಳಗೆ ಕ್ರೀಮಿತ್ತು.

ದೊಡ್ಡ ಪಾತ್ರೆ ಇಟ್ಟರು. ಮೇಣ ಹೊಸದು, ಕೋಕೋ ಬೆಣ್ಣೆ ಹೊಸದು. ಎಣ್ಣೆ ಮಾತ್ರ ಆ ಮೊದಲಿನ ಕ್ಯಾನಿನದೇ. ಅರ್ಧ ಉಳಿದಿತ್ತು, ಒಲೆಯ ಮಗ್ಗುಲಲ್ಲೇ ಇತ್ತು, ಮುಚ್ಚಳ ಎಲ್ಲೋ ಕಳೆದು ವಾರಗಳಾಗಿದ್ದವು. ಮೂಗಿದ್ದ ಕಾಲದಲ್ಲಾಗಿದ್ದರೆ ಯಜಮಾನರು ಆ ಕ್ಯಾನನ್ನು ಬೀದಿಯ ಆಚೆಗೇ ಎಸೆಯುತ್ತಿದ್ದರು. ಈಗ ಬಣ್ಣ ನೋಡಿದರು. ಬಣ್ಣ ಚೆನ್ನಾಗಿತ್ತು. ಸುರಿದರು.

ಸಂಜೆ ಬಾಟಲಿಗಳೆಲ್ಲ ಮೇಜಿನ ಮೇಲೆ ಸಾಲಾಗಿ ನಿಂತಾಗ ಮಗ ಒಂದನ್ನು ತೆಗೆದು ಮುಖ ಕಿವುಚಿದ.

"ಅಪ್ಪಾ, ಏನೋ ಒಂಥರಾ ವಾಸನೆ ಇದೆಯಲ್ಲ?"

"ಒಂಥರಾ ಅಂದ್ರೆ?"

"ಕಮಟು. ಹಳೇ ಸೈಕಲ್ ಚೈನಿನ ಥರ."

"ದಿನವಿಡೀ ಲಿಫ್ಟಿನ ಗ್ರೀಸಲ್ಲಿ ಹೊರಳಾಡೋನು ನೀನು. ಗುಲಾಬಿ ಹಿಡಿದ್ರೂ ನಿಂಗೆ ಚೈನಿನ ವಾಸನೆಯೇ. ಸಾವಯವ ಅಂದ್ರೆ ಹೀಗೇ ಕಣೋ. ಸೆಂಟಿನ ಬಾಟ್ಲಿ ಮಗುಚಿದ ಹಾಗೆ ಇರಲ್ಲ."

ಸೊಸೆಯೂ ಮುಚ್ಚಳ ತೆಗೆದಳು. ಹುಬ್ಬು ಗಂಟಾಯಿತು. ಏನೋ ಹೇಳಲು ಹೋದವಳು ಮಾವನ ಬಿಳಿ ಟೋಪಿ ನೋಡಿ ಸುಮ್ಮನಾದಳು.

"ಮಾವ, ನೀವೊಂದ್ಸಲ ಮೂಸಿ ನೋಡಿಬಿಡಿ" ಎಂದಳು.

ಯಜಮಾನರು ಬಾಟಲಿಯನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿದರು. ಖಾಲಿ ಲೋಟದೊಳಗಿಂದ ಉಸಿರೆಳೆದ ಹಾಗಾಯಿತು. ಆಗಲಾದರೂ ಹೇಳಿಬಿಡಬಹುದಿತ್ತು. ಇಬ್ಬರೂ ಎದುರಲ್ಲಿ ನಿಂತು ಅವರ ಬಾಯಿಯನ್ನೇ ನೋಡುತ್ತಿದ್ದರು.

"ಆಗತ್ತೆ" ಎಂದರು.

ಮರುದಿನ ಸೊಸೆ ಮಧ್ಯಾಹ್ನಕ್ಕೇ ಮನೆಗೆ ಬಂದಳು. ಚೀಲದ ತುಂಬ ಬಾಟಲಿಗಳು ಹೋದ ಹಾಗೇ ವಾಪಸ್ ಬಂದಿದ್ದವು. ರಾತ್ರಿ ಊಟಕ್ಕೆ ಕೂತಾಗ ಮಗ ಕೆದಕಿ ಕೆದಕಿ ಕೇಳಿದ ಮೇಲೆ ಬಾಯಿಬಿಟ್ಟಳು.

"ಈಜು ಕಲಿಸೋ ಮೇಷ್ಟ್ರು ಬಂದಿದ್ರು. ಬೆನ್ನಿಗೆ ಹಚ್ಚಿದ್ದೇ ತಡ ಎದ್ದು ಕೂತ್ಕೊಂಡ್ರು. ಏನಮ್ಮಾ, ನನ್ನ ಬೆನ್ನಲ್ಲಿ ಹಳೇ ಬಾಣಲೆ ಉಜ್ತಾ ಇದೀಯಾ ಅಂದ್ರು. ಆಚೆ ಕೂತಿದ್ದೋರೆಲ್ಲ ನಕ್ಕರು. ಮೇಡಂ ಬಂದು ಮೂಸಿ ನೋಡಿ, ಇದನ್ನೆಲ್ಲ ಮನೆಗೆ ತಗೊಂಡು ಹೋಗು, ನಾಳೆಯಿಂದ ಡಬ್ಬದ ಕ್ರೀಮಲ್ಲೇ ಮಾಡು, ಇಲ್ಲಾಂದ್ರೆ ಬರ್ಲೇಬೇಡ ಅಂದ್ರು."

"ನಾನು ಹೇಳ್ಲಿಲ್ವಾ?" ಎಂದು ಮಗ ಮೇಜು ಕುಟ್ಟಿದ. "ನಿಂಗೂ ವಾಸನೆ ಬಂದಿತ್ತು ತಾನೇ? ನಿನ್ನೇನೇ ಯಾಕೆ ಹೇಳ್ಲಿಲ್ಲ?"

"ಮಾವ ಆಗತ್ತೆ ಅಂದ್ಮೇಲೆ ನನ್ನ ಮೂಗೇ ಸರಿಯಿಲ್ಲ ಅಂದ್ಕೊಂಡೆ. ಮೇಡಂಗೂ ಅದನ್ನೇ ಹೇಳ್ದೆ. ನಮ್ಮ ಮಾವ ಮೂಸಿ ನೋಡಿದಾರೆ ಮೇಡಂ, ತಪ್ಪಿರೋದು ಆ ಮೇಷ್ಟ್ರ ಮೂಗಲ್ಲಿ ಅಂತ ಜಗಳ ಆಡ್ದೆ."

ಯಜಮಾನರು ಕೈಯಲ್ಲಿದ್ದ ಬ್ರೆಡ್ಡಿನ ಚೂರನ್ನು ತಟ್ಟೆಗೇ ಹಾಕಿದರು. ಆಗಲೂ ಹೇಳಲಿಲ್ಲ. ನಾಚಿಕೆ ಎನ್ನುವುದು ಹಾಗೆಯೇ, ಒಂದು ದಿನ ತಡೆದರೆ ಮರುದಿನ ಇನ್ನಷ್ಟು ತೂಕ ಹಾಕಿಕೊಂಡು ಕೂರುತ್ತದೆ.

ಸೊಸೆ ಡಬ್ಬದ ಕ್ರೀಮಿಗೆ ಮರಳಿದಳು. ವಾರ ಕಳೆಯುವುದರೊಳಗೆ ಬೆರಳ ಸಂದಿಗಳು ಮತ್ತೆ ಬಾಯಿಬಿಟ್ಟವು. ಕೇಂದ್ರದಲ್ಲಿ ಕೈ ಮರೆಮಾಚುತ್ತಿದ್ದಾಳೆಂದು ಮಗ ಹೇಳಿದ. ಹೆಂಡತಿ ತಂಗಿಯ ಮನೆಯಿಂದ ಬಂದ ದಿನ ರಾತ್ರಿ ಸೊಸೆ ನಲ್ಲಿಯ ಮುಂದೆ ನಿಂತು, "ರೀ, ಇದನ್ನೊಂದಿಷ್ಟು ತಿರುಗಿಸ್ತೀರಾ?" ಎಂದು ಗಂಡನನ್ನು ಕರೆದಳು. ನಲ್ಲಿ ತಿರುಗಿಸಲೂ ಬೆರಳು ಮಡಚುತ್ತಿರಲಿಲ್ಲ.

ಯಜಮಾನರು ತಟ್ಟೆ ಸರಿಸಿದರು. "ಎಲ್ಲರೂ ಇಲ್ಲಿ ಬನ್ನಿ. ಕೂತ್ಕೊಳ್ಳಿ."

"ಏನಾಯ್ತಪ್ಪಾ?"

"ನನಗೆ ವಾಸನೆ ಬರಲ್ಲ."

"ಯಾವುದರದ್ದು?"

"ಯಾವುದರದ್ದೂ. ಆ ಜ್ವರದಿಂದ. ಅವತ್ತು ಬಾಟ್ಲಿ ಮೂಸಿದ್ನಲ್ಲ, ಏನೂ ಗೊತ್ತಾಗ್ಲಿಲ್ಲ. ಸುಮ್ನೆ ಅಂದುಬಿಟ್ಟೆ."

ಹೆಂಡತಿ ಎದ್ದು ಬ್ರೆಡ್ಡಿನ ಬುಟ್ಟಿಯನ್ನು ಅವರ ಮುಂದಕ್ಕೆ ತಳ್ಳಿದರು. "ಗೊತ್ತು. ಊಟ ಮಾಡಿ."

"ಗೊತ್ತಾ? ಯಾವಾಗಿಂದ?"

"ಒಲೆ ಮೇಲೆ ಹಾಲು ಸೀದು, ಪಕ್ಕದ ಮನೆಯವರು ಬಂದು ಬಾಗಿಲು ಬಡಿದಾಗಿಂದ. ನೀವು ಒಲೆ ಪಕ್ಕದಲ್ಲೇ ಕೂತು ಆರಾಮಾಗಿ ಪೇಪರ್ ಓದ್ತಿದ್ರಿ. ಅವತ್ತಿಂದ ಕೆಟ್ಟಿದ್ದನ್ನೆಲ್ಲ ನಾನೇ ಮೊದ್ಲು ಚೆಲ್ಲಿ, ಚೆನ್ನಾಗಿರೋದನ್ನ ಮಾತ್ರ ನಿಮ್ಮ ಮೂಗಿನ ಮುಂದೆ ತರ್ತಿದ್ದೆ."

ಯಜಮಾನರಿಗೆ ತಮ್ಮ ಅದೃಷ್ಟದ ಮುಖ ಈಗ ಕಂಡಿತು. ತಲೆಗೆ ಸೆರಗು ಹೊದ್ದು ಎದುರಲ್ಲೇ ನಿಂತಿತ್ತು.

"ನಾಟಕ ಕಂಪನಿ ಇಟ್ಕೊಂಡಿದೀರಾ ಇಬ್ರೂ?" ಎಂದು ಮಗ ರೇಗಿದ. "ಅಮ್ಮಾ, ಗೊತ್ತಿದ್ದೂ ನಮಗ್ಯಾಕೆ ಹೇಳ್ಲಿಲ್ಲ?"

"ಅವರಾಗೇ ಹೇಳ್ಲಿ ಅಂತ ಕಾದೆ ಕಣೋ. ಅವರಿಗಿದ್ದಿದ್ದು ಅದೊಂದು. ನಾನು ಹೇಗೆ ಕಿತ್ಕೊಳ್ಳಲಿ? ಕ್ರೀಮು ಇಷ್ಟು ದೂರ ಹೋಗತ್ತೆ ಅಂತ ನಾನೇನು ಕನಸು ಕಂಡಿದ್ನಾ?"

"ಹಾಗಾದ್ರೆ ನನ್ನ ಅಂಗಿ?"

"ಅದಕ್ಕೆ ಮೂಗು ಬೇಕಿರ್ಲಿಲ್ಲ. ಅದು ಯಾವಾಗ್ಲೂ ನಾರ್ತಿತ್ತು."

ಮಗ ನಗು ತಡೆಯಲಾರದೆ ಕೆಮ್ಮಿದ. ಸೊಸೆ ಮಾತ್ರ ನಗಲಿಲ್ಲ. "ನಾನು ಅಷ್ಟು ಜನರ ಮುಂದೆ ನಿಮ್ಮ ಪರ ನಿಂತು ಜಗಳ ಆಡಿ ಬಂದೆ ಮಾವ" ಎಂದಳು. ದನಿ ಏರಿರಲಿಲ್ಲ. "ಅವತ್ತೇ ಹೇಳಿದ್ರೆ ಆಗ್ತಿರ್ಲಿಲ್ವಾ?" ಎಂದು ಎದ್ದು ಕೋಣೆಗೆ ಹೋದಳು.

ಬೆಳಗ್ಗೆ ಅವಳು ಕೆಲಸಕ್ಕೆ ಹೊರಟಾಗ ಯಜಮಾನರೂ ಚಪ್ಪಲಿ ಮೆಟ್ಟಿಕೊಂಡರು. ಎಲ್ಲಿಗೆ ಎಂದು ಅವಳು ಕೇಳಲಿಲ್ಲ. ಬಸ್ಸಿನಲ್ಲಿ ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕೂತು ಹೋದರು.

ಕೇಂದ್ರದ ಮುಂಗೋಣೆಯಲ್ಲಿ ನಾಲ್ಕಾರು ಜನ ಕಾಯುತ್ತಿದ್ದರು. ಗಟ್ಟಿ ಭುಜದ ಒಬ್ಬರು ಹೆಗಲ ಮೇಲೆ ಟವೆಲ್ ಹಾಕಿಕೊಂಡು ಕೂತಿದ್ದರು. ಮೇಡಂ ಕೌಂಟರಿನ ಹಿಂದಿದ್ದರು. ಒಳಗೆ ಕರೆದುಕೊಂಡು ಹೋಗಿ ಮಾತಾಡಬಹುದಿತ್ತು, ಆದರೆ ಸೊಸೆಯ ಮರ್ಯಾದೆ ಹೋದದ್ದು ಇಲ್ಲಿ, ಎಲ್ಲರ ಮುಂದೆ. ಯಜಮಾನರು ಅಲ್ಲೇ ನಿಂತು ಗಟ್ಟಿಯಾಗಿಯೇ ಹೇಳಿದರು.

"ಮೇಡಂ, ನಾನು ಇವಳ ಮಾವ. ಆ ಕ್ರೀಮು ಮಾಡಿದ್ದು ನಾನು. ಎಣ್ಣೆ ಕಮಟಾಗಿತ್ತು, ನನಗೆ ಗೊತ್ತಾಗ್ಲಿಲ್ಲ. ಯಾಕಂದ್ರೆ ನನಗೆ ಮೂಗೇ ಇಲ್ಲ. ಇವಳಿಗೆ ಅನುಮಾನ ಬಂದಿತ್ತು, ನಾನೇ ಚೆನ್ನಾಗಿದೆ ಅಂತ ಸುಳ್ಳು ಹೇಳಿ ಕಳಿಸಿದೆ. ತಪ್ಪು ನನ್ನದು, ಇವಳದ್ದಲ್ಲ."

ಟವೆಲಿನವರು ಬಿದ್ದು ಬಿದ್ದು ನಗಲು ಶುರುಮಾಡಿದರು. "ಯಜಮಾನ್ರೇ, ಅವತ್ತು ಎದ್ದು ಕೂತೋನು ನಾನೇ. ದಿನವೆಲ್ಲ ನೀರೊಳಗಿದ್ದು ನನ್ನ ಮೂಗು ಅರ್ಧ ಹೊತ್ತು ಕಟ್ಟೇ ಇರತ್ತೆ. ಅಂಥಾ ನನಗೇ ಬಂತು ಅಂದ್ರೆ ನೀವೇ ಯೋಚ್ನೆ ಮಾಡಿ! ಆದ್ರೆ ಒಂದು ಮಾತು. ಅದಕ್ಕೆ ಮುಂಚೆ ಹಚ್ತಿದ್ಳಲ್ಲ, ಆ ಕ್ರೀಮು ಬಂಗಾರದಂಥದ್ದು."

ಮೇಡಂ ನಗಲಿಲ್ಲ. "ಸರಿ, ಮುಂದೆ ಯಾರು ನೋಡ್ತಾರೆ?" ಎಂದರು.

"ಮನೇಲಿ ಇನ್ನೂ ಮೂರು ಮೂಗಿವೆ ಮೇಡಂ. ಮೂರೂ ಒಪ್ಪದೆ ಒಂದು ಬಾಟ್ಲಿನೂ ಹೊರಗೆ ಬರಲ್ಲ."

"ಹೊಸ ಎಣ್ಣೆಲಿ ಮಾಡಿ ಒಂದು ಬಾಟ್ಲಿ ತನ್ನಿ. ಮೊದ್ಲು ನನ್ನ ಭುಜಕ್ಕೇ ಹಚ್ಚಿಸ್ಕೊಂಡು ನೋಡ್ತೀನಿ." ಮೇಡಂ ಸೊಸೆಯ ಕಡೆ ತಿರುಗಿದರು. "ಕೈ ತೋರ್ಸು. ಬಚ್ಚಿಟ್ಕೋಬೇಡ, ತೋರ್ಸು. ಅಯ್ಯೋ, ಏನಮ್ಮ ಇದು! ವಾಸಿಯಾಗೋವರೆಗೂ ಆ ಡಬ್ಬ ಮುಟ್ಟಬೇಡ. ಕೌಂಟರಲ್ಲಿ ಕೂತು ಫೋನ್ ನೋಡ್ಕೋ. ನಿನ್ನ ಜಾಗ ಎಲ್ಲೂ ಹೋಗಲ್ಲ."

ಸೊಸೆಯ ಎದೆಯಿಂದ ಒಂದು ದೊಡ್ಡ ಉಸಿರು ಹೊರಬಂತು. ಅದು ಯಜಮಾನರಿಗೂ ಕೇಳಿಸಿತು. ಅವರು ಮರಳಿ ಹೊರಟಾಗ ಅವಳು ಬಾಗಿಲವರೆಗೆ ಬಂದಳು. "ಮನೆಗೆ ಹೋಗಿ ಏನಾದ್ರೂ ತಿನ್ನಿ ಮಾವ. ಬೆಳಗ್ಗಿಂದ ಏನೂ ತಿಂದಿಲ್ಲ" ಎಂದಳು. ವಾಪಸ್ ಬರುವ ಬಸ್ಸಿನಲ್ಲಿ ಅವರಿಗೆ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಎಷ್ಟೋ ತಿಂಗಳ ಮೇಲೆ ಎದೆಯ ಮೇಲಿನ ಕಲ್ಲು ಇಳಿದಿತ್ತು. ಇಳಿಯಬೇಕಾದ ನಿಲ್ದಾಣ ದಾಟಿಹೋದದ್ದೂ ತಿಳಿಯಲಿಲ್ಲ.

ಹೊಸ ಎಣ್ಣೆ ಬಂತು, ಚಿಕ್ಕ ಬಾಟಲಿಯಲ್ಲಿ, ಮುಚ್ಚಳದ ಸಮೇತ. ಅದು ಈಗ ಒಲೆಯಿಂದ ದೂರ, ಕಪಾಟಿನ ಕತ್ತಲೆಯಲ್ಲಿ ಕೂರುತ್ತದೆ. ಮೇಡಂ ತಮ್ಮ ಭುಜಕ್ಕೆ ಹಚ್ಚಿಸಿಕೊಂಡು ಅರ್ಧ ಗಂಟೆ ಕಣ್ಣು ಬಿಡಲಿಲ್ಲವಂತೆ. ಸೊಸೆಯ ಕೈ ಸರಿಹೋಯಿತು. ಕೌಂಟರ್ ಬಿಟ್ಟು ಒಳಗೆ ಹೋದ ಮೊದಲ ದಿನ ಅವಳು ಯಾರದೋ ಹಿಡಿದುಕೊಂಡ ಕತ್ತನ್ನು ಬಿಡಿಸಿ ಬಂದು, ಊಟಕ್ಕೆ ಕೂತಾಗ ಅದನ್ನೇ ಎರಡು ಸಲ ಹೇಳಿದಳು. ಮೊಟ್ಟೆಯನ್ನು ಕೈಯಲ್ಲೇ ಒಡೆದು, ಉಪ್ಪು ಹಚ್ಚಿಕೊಂಡು ತಿಂದಳು.

ಮನೆಯ ಕೋರ್ಟಿನಲ್ಲಿ ಮಾತ್ರ ಈಗ ದಿನವೂ ಗಲಾಟೆ. ಹಾಲು ಕೆಟ್ಟಿದೆ ಎಂದು ಮಗ, ಇಲ್ಲ ಎಂದು ಅವನ ಅಮ್ಮ, ನಾಳೆಗೆ ಕೆಡುತ್ತದೆ ಎಂದು ಸೊಸೆ. ಆದರೆ ಕ್ರೀಮಿನ ವಿಷಯಕ್ಕೆ ಬಂದರೆ ಸೊಸೆ ಇನ್ನೂ ಮಾವನ ಮುಖ ನೋಡಿಯೇ ಬಾಯಿ ತೆಗೆಯುತ್ತಿದ್ದಳು. "ಪರವಾಗಿಲ್ಲ ಅನ್ಸತ್ತೆ, ನೀವೇನಂತೀರಾ ಮಾವ?" ಎನ್ನುತ್ತಿದ್ದಳು. ವಾಸನೆಯೇ ಬಾರದವನನ್ನು ಕೇಳಿ ಏನು ಪ್ರಯೋಜನ? ಆದರೂ ಕೇಳುತ್ತಿದ್ದಳು. ಅವಳ ಆ ಮರ್ಯಾದೆ ಯಜಮಾನರಿಗೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು.

ಒಂದು ಭಾನುವಾರ ಕ್ರೀಮು ಎಂದೂ ಬಾರದಷ್ಟು ಚೆನ್ನಾಗಿ ಬಂತು. ಕಡೆಯುವ ಕಡ್ಡಿ ಎತ್ತಿದರೆ ತುದಿ ನೆಟ್ಟಗೆ ನಿಲ್ಲುತ್ತಿತ್ತು. ಅಷ್ಟು ಬೆಳ್ಳಗಿನದನ್ನು ಬೇಕರಿಯಲ್ಲಿಯೂ ತಾವು ಮಾಡಿರಲಿಲ್ಲ ಎಂದು ಯಜಮಾನರಿಗನ್ನಿಸಿತು. ಹೆಂಡತಿ ಮೂಸಿ ಪರವಾಗಿಲ್ಲ ಎಂದರು. ಮಗ ಮೂಸಿ ಭುಜ ಕುಣಿಸಿದ. ಸೊಸೆ ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಮೂಸಿದಳು, ಕಿಟಕಿಯ ಹತ್ತಿರ ಹೋಗಿ ಇನ್ನೊಮ್ಮೆ ಮೂಸಿದಳು. ಯಜಮಾನರ ಮುಖ ನೋಡಿದಳು. ಆಮೇಲೆ ಮುಖ ನೋಡುವುದನ್ನು ಬಿಟ್ಟು ಪಾತ್ರೆಯನ್ನೇ ನೋಡಿದಳು.

"ಇದು ಬೇಡ" ಎಂದಳು.

ಅತ್ತೆ ಮೂಗಿನ ಮೇಲೆ ಬೆರಳಿಟ್ಟರು.

"ಮೇಣ ಸೀದಿದೆ. ಸ್ವಲ್ಪವೇ, ಆದ್ರೆ ಸೀದಿದೆ. ಚೆಲ್ಲಿಬಿಡಿ ಮಾವ."

ಯಜಮಾನರು ಅವಳನ್ನೇ ನೋಡುತ್ತ ನಿಂತರು. ಅವರ ಮುಖದಲ್ಲಿ ಏನೇನೋ ಬಂದು ಹೋದದ್ದು ಕಂಡು ಸೊಸೆಗೆ ಗಾಬರಿಯಾಯಿತು.

"ಬೇಜಾರಾಯ್ತಾ ಮಾವ?"

"ಇಲ್ಲಮ್ಮಾ," ಎಂದರು ಯಜಮಾನರು, ಟೋಪಿ ತೆಗೆದು ಕಣ್ಣೊರೆಸಿಕೊಂಡು. "ಇನ್ನೊಂದ್ಸಲ ಹೇಳು."